ಮಿಂಚುಹುಳದ ಕಾಡನ್ನು ಹಾಲ್‌ನೊಳಗೆ ತರುವುದು ಹೇಗೆ?

ಪ್ರಶ್ನೆ: ನಾನು ಬನಶಂಕರಿಯಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಊರು ತೀರ್ಥಹಳ್ಳಿ ಕಡೆ. ಮಳೆಗಾಲಕ್ಕೆ ಮುಂಚೆ ನಮ್ಮ ತೋಟದ ಅಂಚಿನ ಮರಗಳ ತುಂಬಾ ಮಿಂಚುಹುಳ ಕೂತು, ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದನ್ನು ನೋಡಿಕೊಂಡೇ ಬೆಳೆದವಳು. ನನ್ನ ಹತ್ತಿರ ಕಲಿಯುವ ಮಕ್ಕಳಲ್ಲಿ ಹೆಚ್ಚಿನವರು ಒಂದು ಮಿಂಚುಹುಳವನ್ನೂ ಕಂಡಿಲ್ಲ. ಮುಂದಿನ ತಿಂಗಳು ಮೂರು ಸಂಜೆಗೆ 20 ಅಡಿ ಅಗಲ, 30 ಅಡಿ ಉದ್ದದ ಹಾಲ್ ಸಿಕ್ಕಿದೆ. ಒಳಗೆ ಬಂದವರಿಗೆ ಕಾಡಿನ ನಡುವೆ ನಿಂತ ಹಾಗೆ ಅನ್ನಿಸಬೇಕು ಅಂತ ಆಸೆ. ಚಿಕ್ಕಪೇಟೆಯಿಂದ ಸೀರಿಯಲ್ ಸೆಟ್ ತಂದು ತೂಗುಹಾಕಿ ನೋಡಿದೆ. ಮದುವೆ ಛತ್ರದ ಥರ ಕಾಣುತ್ತದೆ. ಲೈಟ್ ಸಾಲದು, ಇನ್ನೂ ಜಾಸ್ತಿ ಹಾಕಿ ಅಂತ ಒಬ್ಬರು. ಪ್ರೊಜೆಕ್ಟರ್ ಬಾಡಿಗೆಗೆ ತಂದು ಕಾಡಿನ ವಿಡಿಯೋ ಹಾಕಿಬಿಡಿ ಅಂತ ಇನ್ನೊಬ್ಬರು. ಕೈಯಲ್ಲಿರುವುದು 40,000 ರೂಪಾಯಿ. ಮಿನುಗುವ ಬೆಳಕಿನಿಂದ ಮಕ್ಕಳಿಗೆ ತೊಂದರೆ ಆಗುತ್ತದೆಯೇ? ಹಾಲ್ ಹೊರಗಿನ ಮಾವಿನ ಮರಕ್ಕೂ ಲೈಟ್ ಹಾಕಬಹುದೇ?

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ. ಒಳಗಿರುವ ಕಳವಳ ಮಾತ್ರ ಒಂದೇ ಅನ್ನಿಸುತ್ತದೆ. ನೀವು ಊರಿನಲ್ಲಿ ಕಂಡದ್ದೇ ಬೇರೆ, ಇಲ್ಲಿ ಆಗುತ್ತಿರುವುದೇ ಬೇರೆ. ಯಾವ ಸಾಮಾನು ತಂದರೆ ಅದು ಸರಿಹೋಗುತ್ತದೆ ಅಂತ ತಿಳಿಯುತ್ತಿಲ್ಲ. ನಾಟಕಕ್ಕೆ, ಪ್ರದರ್ಶನಗಳಿಗೆ ಬೆಳಕು ಮಾಡುವ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಪ್ರತಿ ಸಲವೂ ಸಾಮಾನಿನ ವಿಷಯ ಪಕ್ಕಕ್ಕಿಟ್ಟು ಕತ್ತಲೆಯ ವಿಷಯ ಮೊದಲು ಮಾತಾಡುತ್ತೇನೆ.

ಊರಿನಲ್ಲಿ ನೀವು ಕಂಡ ಮಿಂಚುಹುಳದ ಬೆಳಕು ಬಹಳ ಸಣ್ಣದು. ಅದು ಅಷ್ಟು ದೊಡ್ಡದಾಗಿ ಕಂಡದ್ದು ಸುತ್ತ ಏನೂ ಬೆಳಕು ಇರಲಿಲ್ಲ ಅನ್ನುವ ಕಾರಣಕ್ಕೆ, ಮತ್ತು ನಿಮ್ಮ ಕಣ್ಣು ಆ ಕತ್ತಲೆಗೆ ಆಗಲೇ ಹೊಂದಿಕೊಂಡಿತ್ತು ಅನ್ನುವ ಕಾರಣಕ್ಕೆ. ನಮ್ಮ ಕಣ್ಣಿನ ಒಳಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಒಂದು ಬಗೆಯವು ಹಗಲಿನವು, ಬಣ್ಣ ಗುರುತಿಸುತ್ತವೆ. ಇನ್ನೊಂದು ಬಗೆಯವು ಇರುಳಿನವು. ಅವಕ್ಕೆ ಬಣ್ಣ ತಿಳಿಯದು, ಆದರೆ ತೀರಾ ಮಂದ ಬೆಳಕೂ ಅವಕ್ಕೆ ಕಾಣುತ್ತದೆ. ದೀಪ ಆರಿಸಿದ ಮೇಲೆ ಹಗಲಿನ ಕೋಶಗಳು ಸುಮಾರು 10 ನಿಮಿಷದಲ್ಲಿ ತಮ್ಮ ಕೈಲಾದಷ್ಟು ಹೊಂದಿಕೊಳ್ಳುತ್ತವೆ. ಇರುಳಿನ ಕೋಶಗಳು ಪೂರ್ತಿ ಎಚ್ಚರಗೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೆ ಆ ಹೊಂದಾಣಿಕೆಯ ಬಹುಪಾಲು ಹೋಯಿತು.

ಹೊರಗಿನ ಟ್ಯೂಬ್‌ಲೈಟ್ ಬೆಳಕಿನಿಂದ ನೇರ ನಿಮ್ಮ ಹಾಲ್‌ಗೆ ಕಾಲಿಡುವವರ ಕಣ್ಣು ಇನ್ನೂ ಹಗಲಿನಲ್ಲೇ ಇರುತ್ತದೆ. ಅಂಥ ಕಣ್ಣಿಗೆ ಕಾಣಬೇಕು ಅಂತ ಹೊರಟರೆ ಬೆಳಕು ಏರಿಸಲೇಬೇಕು. ಏರಿಸಿದರೆ ಗೋಡೆ ಕಾಣುತ್ತದೆ, ಫ್ಯಾನ್ ಕಾಣುತ್ತದೆ, ಪಕ್ಕದವರ ಮುಖ ಕಾಣುತ್ತದೆ. ಕಾಡು ಅಲ್ಲಿಗೆ ಮುಗಿಯಿತು. "ಇನ್ನೂ ಜಾಸ್ತಿ ಹಾಕಿ" ಅಂದವರ ಮಾತು ಕೇಳಿದರೆ ಆಗುವುದು ಇದೇ. ಅವರು ತಪ್ಪು ಉದ್ದೇಶದಿಂದ ಹೇಳಿದ್ದಲ್ಲ, ಅಂಗಡಿಗೆ, ಹಬ್ಬದ ಪೆಂಡಾಲಿಗೆ ಅದೇ ಸರಿ. ನಿಮ್ಮ ಕೆಲಸಕ್ಕೆ ಅದು ಹೊಂದುವುದಿಲ್ಲ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೆಂಗಳೂರಿನ ಗವಿಪುರದ ಗಂಗಾಧರೇಶ್ವರ ಗುಹಾ ದೇವಸ್ಥಾನದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುತ್ತದೆ. ಆ ಕೆಲವು ನಿಮಿಷಕ್ಕೆ ಜನ ಗಂಟೆಗಟ್ಟಲೆ ಕಾಯುತ್ತಾರೆ. ಅದೇ ಬಿಸಿಲು ಹೊರಗಿನ ಅಂಗಳದ ಮೇಲೂ ಬಿದ್ದಿರುತ್ತದೆ, ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಗುಹೆಯ ಕತ್ತಲೆ, ಒಂದೇ ಒಂದು ಕಿಂಡಿ, ಮತ್ತು ಕಾಯುವಿಕೆ, ಈ ಮೂರೂ ಸೇರಿ ಬಿಸಿಲಿನ ಒಂದು ಪಟ್ಟೆಗೆ ಆ ಶಕ್ತಿ ಕೊಟ್ಟಿವೆ. ಅಮೆರಿಕದ ಕಲಾವಿದ ಜೇಮ್ಸ್ ಟರೆಲ್ 1983ರಲ್ಲಿ ಪಿಟ್ಸ್‌ಬರ್ಗ್‌ನ ಒಂದು ಸಂಗ್ರಹಾಲಯದಲ್ಲಿ ಇದನ್ನೇ ಕೊನೆಯ ಅಂಚಿಗೆ ಒಯ್ದರು. ಜನ ಕತ್ತಲ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರುತ್ತಾರೆ. ಮೊದಲು ಏನೂ ಕಾಣುವುದಿಲ್ಲ. ಸುಮಾರು ಹೊತ್ತಾದ ಮೇಲೆ ಎದುರಿಗೆ ಮಬ್ಬಾಗಿ ಏನೋ ತೋರತೊಡಗುತ್ತದೆ. ಅದು ಹೊರಗಿನ ಬೆಳಕೋ, ತಮ್ಮ ಕಣ್ಣೇ ಹುಟ್ಟಿಸಿದ್ದೋ ಅಂತ ಅವರಿಗೆ ಗೊತ್ತಾಗುವುದಿಲ್ಲ.

ಅದಕ್ಕೇ ನಿಮ್ಮ 40,000ದಲ್ಲಿ ಮೂರನೇ ಒಂದು ಭಾಗವನ್ನಾದರೂ ಕತ್ತಲೆಗೆ ಎತ್ತಿಡಿ ಅನ್ನುತ್ತೇನೆ. ಶಾಮಿಯಾನದವರ ಹತ್ತಿರ ದಪ್ಪ ಕಪ್ಪು ಬಟ್ಟೆ ಬಾಡಿಗೆಗೆ ಸಿಗುತ್ತದೆ. ನಾಲ್ಕೂ ಗೋಡೆಗೆ ಇಳಿಬಿಡಿ. ಹೊಳೆಯುವ ಸ್ಯಾಟಿನ್ ಬೇಡ, ಒಂದು ಸಣ್ಣ ಬೆಳಕಿಗೂ ಅದು ಮಿರುಗುತ್ತದೆ. ಕಿಟಕಿಗೆ ಕಪ್ಪು ಬಟ್ಟೆಯ ಹಿಂದೆ ರಟ್ಟು ಹಾಕಿ. ನೆಲ ಬಿಳಿ ಟೈಲ್ಸ್ ಆಗಿದ್ದರೆ ಕಪ್ಪು ಅಥವಾ ಕಡುಕಂದು ಕಾರ್ಪೆಟ್ ಹಾಸಿ, ಅಂಚುಗಳನ್ನು ಟೇಪ್ ಹಾಕಿ ಭದ್ರ ಮಾಡಿ. ಆಮೇಲೆ ದೀಪ ಆರಿಸಿ, ಒಳಗೆ ಕೂತು ಸುತ್ತ ನೋಡಿ. ಆಗ ಶತ್ರುಗಳು ಒಬ್ಬೊಬ್ಬರಾಗಿ ಹೊರಬರುತ್ತಾರೆ: ಎಸಿಯ ಮೇಲಿನ ಅಂಕಿ, ಸ್ವಿಚ್ ಬೋರ್ಡಿನ ಕೆಂಪು ಚುಕ್ಕೆ, ಸಿಸಿ ಕ್ಯಾಮೆರಾದ ದೀಪ, ಅಡಾಪ್ಟರ್ ಮೇಲಿನ ಹಸಿರು, ಬಾಗಿಲ ಕೆಳಗಿನ ಸೀಳು. ಒಂದೊಂದಕ್ಕೂ ಕಪ್ಪು ಟೇಪ್. ನೀಲಿ ಚುಕ್ಕೆಗಳನ್ನು ಮಾತ್ರ ಒಂದೂ ಬಿಡಬೇಡಿ. ಮಂದ ಬೆಳಕಿನಲ್ಲಿ ಕಣ್ಣಿನ ಸೂಕ್ಷ್ಮತೆ ನೀಲಿ-ಹಸಿರಿನ ಕಡೆಗೆ ಸರಿಯುತ್ತದೆ. ಹಗಲಿನಲ್ಲಿ ನಮ್ಮ ಕಣ್ಣಿಗೆ ಅತಿ ಹೆಚ್ಚು ಹೊಳೆದು ಕಾಣುವುದು 555 ನ್ಯಾನೊಮೀಟರ್ ತರಂಗಾಂತರದ ಸುತ್ತಿನ ಹಳದಿ-ಹಸಿರು. ಕತ್ತಲಲ್ಲಿ ಆ ಜಾಗ 507ರ ಹತ್ತಿರ ಬರುತ್ತದೆ. ಹಾಗಾಗಿ ಒಂದೇ ಒಂದು ನೀಲಿ ಚುಕ್ಕೆ ಇಡೀ ಹಾಲ್ ಕೆಡಿಸಬಲ್ಲದು.

ಬಾಗಿಲಲ್ಲಿ ಒಂದು ಪರದೆ ಸಾಲದು. ಒಬ್ಬರು ಒಳಗೆ ಬರುವಾಗೆಲ್ಲ ಹೊರಗಿನ ಬೆಳಕು ನುಗ್ಗುತ್ತದೆ. ಎರಡು ಪರದೆ, ನಡುವೆ ಆರೇಳು ಅಡಿ ಅಡ್ಡತಿರುವಿನ ದಾರಿ ಮಾಡಿ. ಹೊರಗಿನ ಪಡಸಾಲೆಯಲ್ಲಿ ಮಂದ ಕೆಂಪು ದೀಪದ ಕೆಳಗೆ ಜನರನ್ನು 8-10 ನಿಮಿಷ ಕೂರಿಸಿ. ಇರುಳಿನ ಕೋಶಗಳಿಗೆ ಕೆಂಪು ಹೆಚ್ಚು ನಾಟುವುದಿಲ್ಲ, ಅವು ತಮ್ಮ ಕೆಲಸ ಶುರು ಮಾಡುತ್ತವೆ. ಆ ಹೊತ್ತಿನಲ್ಲಿ ನಿಮ್ಮ ಊರಿನ ತೋಟದ ವಿಷಯ ಹೇಳಿ, ಮೊಬೈಲ್ ಒಳಗಿಡಿಸಿ. ಒಂದು ಸಲಕ್ಕೆ 12-15 ಜನ ಸಾಕು.

ಈಗ ನಿಮ್ಮ ಸೀರಿಯಲ್ ಸೆಟ್ ಯಾಕೆ ಛತ್ರದ ಥರ ಕಂಡಿತು ಅನ್ನುವುದಕ್ಕೆ ಬರೋಣ. ಬೆಳಕು ಜಾಸ್ತಿ ಅನ್ನುವುದು ಒಂದು ಕಾರಣ ಮಾತ್ರ. ದೊಡ್ಡ ಕಾರಣ ಅದರ ಲಯ. ಸೀರಿಯಲ್ ಸೆಟ್ಟಿನ ದೀಪ ಥಟ್ಟನೆ ಹೊತ್ತಿ ಥಟ್ಟನೆ ಆರುತ್ತದೆ. ಮಿಂಚುಹುಳದ ಹೊಟ್ಟೆಯ ತುದಿಯಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ. ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದ ಜೊತೆ ಸೇರಿದಾಗ ಬೆಳಕು ಬರುತ್ತದೆ, ಶಾಖ ಇಲ್ಲವೆನ್ನುವಷ್ಟು ಕಡಿಮೆ. ಆ ಬೆಳಕು ಬೇಗ ಏರುತ್ತದೆ, ಇಳಿಯುವಾಗ ಒಂದು ಬಾಲ ಬಿಟ್ಟು ಇಳಿಯುತ್ತದೆ. ಹಾರುತ್ತಿರುವ ಹುಳವಾದರೆ ಆ ಬಾಲ ಗಾಳಿಯಲ್ಲಿ ಒಂದು ಸಣ್ಣ ಗೀಟು ಎಳೆದ ಹಾಗೆ ಕಾಣುತ್ತದೆ. ನೀವು ಇದನ್ನು ನೋಡಿಯೇ ಬೆಳೆದವರು. ಕಣ್ಣು ಮುಚ್ಚಿ ನೆನೆಸಿಕೊಂಡರೆ ಆ ಗೀಟು ನಿಮಗೆ ಕಾಣುತ್ತದೆ.

"ನೈಸರ್ಗಿಕವಾಗಿ ಕಾಣಬೇಕಾದರೆ ದೀಪಗಳನ್ನು ಹೇಗೆಂದರೆ ಹಾಗೆ ಮಿನುಗಿಸಬೇಕು" ಅನ್ನುವ ಇನ್ನೊಂದು ನಂಬಿಕೆ ಇದೆ. ಬೆಳಕಿನ ಕೆಲಸ ಚೆನ್ನಾಗಿ ಬಲ್ಲವರೂ ಹೀಗೆ ಹೇಳುವುದನ್ನು ಕೇಳಿದ್ದೇನೆ. ಇದು ನಿಜವಲ್ಲ. ಮಿನುಗುವ ಪ್ರತಿ ಜಾತಿಯ ಮಿಂಚುಹುಳಕ್ಕೂ ತನ್ನದೇ ತಾಳ ಇದೆ. ಗಂಡು ಮಿನುಗುವ ಲೆಕ್ಕ ನೋಡಿಯೇ ಹೆಣ್ಣು ಅದು ತನ್ನ ಜಾತಿಯದು ಅಂತ ಗುರುತಿಸುತ್ತದೆ. ಚಳಿ ಇದ್ದರೆ ತಾಳ ನಿಧಾನ, ಸೆಖೆ ಇದ್ದರೆ ಚುರುಕು. ತಾಳವೇ ಇಲ್ಲದೆ ಮಿನುಗಿಸಿದರೆ ನೋಡುವವರಿಗೆ ವೈರ್ ಲೂಸ್ ಆಗಿದೆ ಅನ್ನಿಸುತ್ತದೆ ಹೊರತು ಜೀವ ಇದೆ ಅನ್ನಿಸುವುದಿಲ್ಲ.

ಇನ್ನು ನೀವು ಕಂಡ ಆ ಮರ, ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವ ಮರ. ಅಲ್ಲಿ ಮೇಳದ ಯಜಮಾನ ಯಾರೂ ಇಲ್ಲ. ಪ್ರತಿ ಹುಳವೂ ಪಕ್ಕದವು ಹೊತ್ತಿದ್ದನ್ನು ನೋಡಿ ತನ್ನ ಗಡಿಯಾರವನ್ನು ಸ್ವಲ್ಪ ಸರಿಮಾಡಿಕೊಳ್ಳುತ್ತದೆ, ಅಷ್ಟೇ. ಇಂಥ ಹೊಂದಾಣಿಕೆಯಿಂದ ಇಡೀ ಗುಂಪು ಒಂದೇ ತಾಳಕ್ಕೆ ಬರುವುದು ಹೇಗೆ ಅಂತ 1990ರಲ್ಲಿ ರೆನಾಟೊ ಮಿರೊಲೊ ಮತ್ತು ಸ್ಟೀವನ್ ಸ್ಟ್ರೋಗಾಟ್ಸ್ ಎಂಬ ಗಣಿತಜ್ಞರು ಲೆಕ್ಕ ಹಾಕಿ ತೋರಿಸಿದರು. ನಿಮ್ಮ ಕೆಲಸಕ್ಕೆ ಇದು ದೊಡ್ಡ ವರ. ನಿಯಮ ತೀರಾ ಸರಳ. ಪ್ರತಿ ದೀಪಕ್ಕೂ ಒಂದು ಎಣಿಕೆ ಕೊಡಿ. ಎಣಿಕೆ ತುಂಬಿದಾಗ ದೀಪ ಹೊತ್ತುತ್ತದೆ, ಎಣಿಕೆ ಸೊನ್ನೆಗೆ ಬರುತ್ತದೆ. ಯಾವುದೇ ದೀಪ ಹೊತ್ತಿದಾಗ ಉಳಿದವುಗಳ ಎಣಿಕೆ ಚೂರು ಮುಂದೆ ಹೋಗುತ್ತದೆ. ತುಂಬುವ ಹಂತಕ್ಕೆ ಹತ್ತಿರ ಇರುವ ದೀಪಕ್ಕೆ ಈ ನೂಕು ಹೆಚ್ಚು ಸಿಗಬೇಕು. ಶುರುವಿನಲ್ಲಿ ಎಲ್ಲ ದೀಪಗಳೂ ತಮ್ಮ ಪಾಡಿಗೆ ಮಿನುಗುತ್ತಿರುತ್ತವೆ. ನೂಕು ಸಣ್ಣದಿದ್ದಷ್ಟೂ ನಿಧಾನವಾಗಿ, ಒಂದು ಮೂಲೆಯಲ್ಲಿ ಐದಾರು ಜೊತೆಯಾಗುತ್ತವೆ, ಆಮೇಲೆ ಇನ್ನೊಂದು ಕಡೆ. ಕೊನೆಗೆ ಇಡೀ ಹಾಲ್ ಒಂದೇ ಉಸಿರು. ಯಾರೂ ಹೇಳಿಕೊಡದೆ ಮಕ್ಕಳು ಅದನ್ನು ಗಮನಿಸುತ್ತಾರೆ. ನನಗೆ ಕೇಳಿದರೆ ನಿಮ್ಮ ಇಡೀ ಪ್ರದರ್ಶನ ಈ ಒಂದು ಘಳಿಗೆಗಾಗಿ ಇರಬೇಕು.

ಇದನ್ನು ಮಾಡಲು ಸೀರಿಯಲ್ ಸೆಟ್ ಬರುವುದಿಲ್ಲ. ಒಂದೊಂದು ದೀಪವನ್ನೂ ಬೇರೆಬೇರೆಯಾಗಿ ಹೊತ್ತಿಸಬಹುದಾದ ಪಿಕ್ಸೆಲ್ ಎಲ್‌ಇಡಿ ಬೇಕು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಬುಲೆಟ್ ಆಕಾರದ ಪಿಕ್ಸೆಲ್‌ಗಳು 50ರ ಮಾಲೆಯಾಗಿ ಸಿಗುತ್ತವೆ. 5 ವೋಲ್ಟಿನ ನಾಲ್ಕು ಮಾಲೆ, ಅಂದರೆ 200 ದೀಪ, ನಿಮ್ಮ ಹಾಲ್‌ಗೆ ಧಾರಾಳ. ಇವನ್ನು ನಡೆಸಲು ಇಎಸ್‌ಪಿ 32 ಎಂಬ ಪುಟ್ಟ ಬೋರ್ಡ್ ಸಾಕು. ಪ್ರೋಗ್ರಾಂ ಬರೆಯಲು ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರಿಂಗ್ ಓದುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ, ಬೆಂಗಳೂರು ಅಲ್ವಾ. ಮೇಲಿನ ನಿಯಮವನ್ನು ಅವರಿಗೆ ಓದಿ ಹೇಳಿ, ಒಂದು ಸಂಜೆಯ ಕೆಲಸ.

ಮಾಲೆಯಲ್ಲಿ ದೀಪಗಳ ನಡುವಿನ ಅಂತರ ಕೆಲವೇ ಇಂಚು. ಚಾವಣಿಯಿಂದ ತೂಗುಹಾಕಲು ವೈರ್ ಕತ್ತರಿಸಿ ಬೆಸುಗೆ ಹಾಕಿ ಉದ್ದ ಮಾಡಬೇಕಾಗುತ್ತದೆ. ನಾನಾದರೆ ಆ ಗೋಜಿಗೆ ಹೋಗುವುದಿಲ್ಲ. ಗಾಳಿಮಳೆಗೆ ಬಿದ್ದ ಒಣಕೊಂಬೆ ನಾಲ್ಕು ತಂದು, ಒಂದು ಮಾಲೆಗೆ ಒಂದು ಕೊಂಬೆ ಅಂತ ಸುತ್ತುತ್ತೇನೆ. ಕೊಂಬೆ ಕತ್ತಲಲ್ಲಿ ಕಾಣುವುದಿಲ್ಲ, ಅದರ ಆಕಾರ ಮಾತ್ರ ದೀಪಗಳಲ್ಲಿ ಉಳಿಯುತ್ತದೆ. ನಿಮ್ಮ ತೋಟದ ಮರವೂ ಹಾಗೇ ಕಂಡಿದ್ದಲ್ಲವೇ? ಎರಡು ಕೊಂಬೆ ಎದುರಿಗೆ, ಒಂದೊಂದು ಬಲಕ್ಕೆ ಎಡಕ್ಕೆ ಇಡಿ. ಪಕ್ಕಗಳನ್ನು ಬಿಡಬೇಡಿ. ಇರುಳಿನ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲವೇ ಇಲ್ಲ, ಸುತ್ತಲೂ ಇವೆ. ಕತ್ತಲಲ್ಲಿ ನೇರ ನೋಡಿದ್ದಕ್ಕಿಂತ ಓರೆಗಣ್ಣಿಗೆ ಬಿದ್ದದ್ದು ಚೆನ್ನಾಗಿ ಕಾಣುತ್ತದೆ. ಒಳಗೆ ನಿಂತ ಭಾವನೆ ಹುಟ್ಟುವುದು ಆ ಓರೆಗಣ್ಣಿನಲ್ಲೇ.

ಬುಲೆಟ್ ಪಿಕ್ಸೆಲ್ ಬರುವುದು ಹೆಸರುಕಾಳಿಗಿಂತ ದೊಡ್ಡ ತಲೆಯ ಜೊತೆ. ಹಾಗೇ ಬಿಟ್ಟರೆ ಬಲ್ಬು ಅಂತ ಗೊತ್ತಾಗುತ್ತದೆ. ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಗುಂಡುಸೂಜಿಯ ತಲೆಯಷ್ಟು ಜಾಗ ಮಾತ್ರ ಬಿಡಿ. ಮಕ್ಕಳನ್ನು ಕೂರಿಸಿಕೊಂಡು ಮಾಡಬಹುದಾದ ಕೆಲಸ. ಇದರಿಂದ ಇನ್ನೊಂದು ಲಾಭ ಇದೆ. ಈ ದೀಪಗಳಿಗೆ ಸೊನ್ನೆಯಿಂದ 255ರವರೆಗೆ ಹೊಳಪಿನ ಮೆಟ್ಟಿಲುಗಳಿವೆ. ತೀರಾ ಮಂದವಾಗಿ ಉರಿಸುವಾಗ 1ರಿಂದ 2ಕ್ಕೆ ಹೋದರೆ ಬೆಳಕು ಎರಡರಷ್ಟಾಗುತ್ತದೆ. ಆ ಜಿಗಿತ ಕತ್ತಲೆಗೆ ಹೊಂದಿದ ಕಣ್ಣಿಗೆ ರಾಚುತ್ತದೆ, ಬಾಲ ನುಣುಪಾಗಿ ಇಳಿಯದೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಟೇಪ್ ಹಾಕಿ ಬೆಳಕನ್ನು ಹೊರಗಿನಿಂದಲೇ ತಗ್ಗಿಸಿದರೆ ನೀವು ಮೇಲಿನ ಮೆಟ್ಟಿಲುಗಳನ್ನು ಬಳಸಬಹುದು. ಆಗ ಇಳಿತ ನುಣುಪಾಗುತ್ತದೆ. ಹಾರುವ ಗೀಟು ಬೇಕಿದ್ದರೆ ಅಕ್ಕಪಕ್ಕದ ಮೂರು ದೀಪಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗುವ ಹಾಗೆ ಹೊತ್ತಿಸಿ. ಅಪರೂಪಕ್ಕೆ ಮಾತ್ರ.

ಬಣ್ಣದ ವಿಷಯ ಬೇಗ ಹೇಳಿಬಿಡುತ್ತೇನೆ. ನೀಲಿ ಪೂರ್ತಿ ಆಫ್. ಹಸಿರು ಒಂದೇ ಹಾಕಿದರೆ ಟ್ರಾಫಿಕ್ ಸಿಗ್ನಲ್ ಥರ ಆಗುತ್ತದೆ, ಅದಕ್ಕೆ ಅರ್ಧಕ್ಕಿಂತ ಕಡಿಮೆ ಕೆಂಪು ಬೆರೆಸಿ. ಹಳದಿಗೆ ತಿರುಗುವ ಹಸಿರು ಬಂದಾಗ ನಿಲ್ಲಿಸಿ. ಎಲ್ಲಕ್ಕೂ ಒಂದೇ ಬಣ್ಣ, ಆದರೆ ಒಂದೇ ಹೊಳಪು ಬೇಡ. ಹತ್ತರಲ್ಲಿ ಒಂದು ಹೊಳೆಯಲಿ, ಉಳಿದವು ಇವೆಯೋ ಇಲ್ಲವೋ ಅನ್ನುವಷ್ಟು ಮಂದ ಇರಲಿ. ಮಂದವಾದದ್ದು ದೂರದಲ್ಲಿದೆ ಅಂತ ಕಣ್ಣು ಓದಿಕೊಳ್ಳುತ್ತದೆ. 30 ಅಡಿಯ ಹಾಲ್ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ.

ಪ್ರೊಜೆಕ್ಟರ್ ಬಗ್ಗೆ: ಬೇಡ. ಅದು ಕೆಟ್ಟ ಸಾಧನ ಅಂತ ಅಲ್ಲ. ಪ್ರೊಜೆಕ್ಟರಿನಲ್ಲಿ ಕಪ್ಪು ಅನ್ನುವುದು ನಿಜವಾದ ಕಪ್ಪಲ್ಲ, ಬೂದು. ಏನೂ ತೋರಿಸದಿರುವಾಗಲೂ ಗೋಡೆಯ ಮೇಲೆ ಒಂದು ಮಬ್ಬು ಚೌಕ ಉಳಿಯುತ್ತದೆ. ಕಣ್ಣು ಕತ್ತಲೆಗೆ ಹೊಂದಿದಷ್ಟೂ ಆ ಚೌಕ ಎದ್ದು ಕಾಣುತ್ತದೆ. ಜನ ಅಡ್ಡ ಬಂದರೆ ನೆರಳು ಬೇರೆ. ಇದಕ್ಕಿಂತ ಮುಖ್ಯವಾದ ಮಾತು, ಕಾಡಿನ ವಿಡಿಯೋ ನೋಡುವವರು ಕಾಡಿನ ಚಿತ್ರ ನೋಡುತ್ತಿರುತ್ತಾರೆ, ಕಾಡಿನಲ್ಲಿ ಇರುವುದಿಲ್ಲ. 2003ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನಲ್ಲಿ ಕಲಾವಿದ ಓಲಾಫುರ್ ಎಲಿಯಾಸನ್ ಒಂದು ದೊಡ್ಡ ಸೂರ್ಯನನ್ನು ನಿಲ್ಲಿಸಿದರು. ಅಲ್ಲಿ ಸೂರ್ಯನ ವಿಡಿಯೋ ಇರಲಿಲ್ಲ. ಒಂದೇ ಬಣ್ಣದ ಹಳದಿ ದೀಪಗಳು, ಅರ್ಧ ಬಿಲ್ಲೆ, ಅದನ್ನು ಪೂರ್ತಿ ಮಾಡಲು ಚಾವಣಿಯಲ್ಲಿ ಕನ್ನಡಿ, ತೆಳು ಮಂಜು. ಜನ ನೆಲದ ಮೇಲೆ ಮಲಗಿ ನೋಡಿದರು. ಬೆಳಕು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಅವರು ಹಿಡಿದಿದ್ದರು, ಅದು ಹೇಗೆ ಕಾಣುತ್ತದೆ ಅನ್ನುವುದನ್ನಲ್ಲ. ನಮ್ಮ ತೊಗಲುಗೊಂಬೆಯವರು ಇದನ್ನು ಎಂದಿನಿಂದಲೋ ಬಲ್ಲರು. ಹದ ಮಾಡಿದ ತೆಳು ತೊಗಲು, ಬಿಳಿ ಪರದೆ, ಹಿಂದೆ ಎಣ್ಣೆ ದೀಪ. ದೀಪದ ಕುಡಿ ಅಲ್ಲಾಡಿದಾಗ ಗೊಂಬೆ ಉಸಿರಾಡುತ್ತದೆ.

ಪಿಕ್ಸೆಲ್, ಪ್ರೋಗ್ರಾಂ ಎಲ್ಲ ಕೈಮೀರಿದ ಕೆಲಸ ಅನ್ನಿಸಿದರೆ ಇನ್ನೆರಡು ದಾರಿ ಇವೆ, ಎರಡೂ ಅಗ್ಗ. ಒಂದು, ಹೊಂಗೆ ನೆರಳು. ಮರದ ಕೆಳಗೆ ಬೀಳುವ ಬಿಸಿಲಿನ ಚುಕ್ಕಿಗಳು ದುಂಡಗಿರುತ್ತವೆ, ಗಮನಿಸಿದ್ದೀರಾ? ಎಲೆಗಳ ನಡುವಿನ ಸಂದು ಯಾವ ಆಕಾರವೇ ಇರಲಿ, ಚುಕ್ಕಿ ದುಂಡಗೆ. ಅದು ಸಂದಿನ ಆಕಾರವಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಬೆಂಗಳೂರಿನ ಮರಗಳ ಕೆಳಗೆ ಅದೇ ಚುಕ್ಕಿಗಳು ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಅಂದರೆ ಎಷ್ಟು ದೂರದಿಂದ ನೋಡುತ್ತೀರೋ ಅದರ 110ನೇ ಒಂದು ಭಾಗದಷ್ಟು ಅಗಲದ ಬಿಲ್ಲೆ ಸೂರ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. ಹಾಗಾದರೆ ಎಲೆಗಳಿಂದ 5 ಮೀಟರ್ ದೂರದಲ್ಲಿ ಜೋರಾದ ಲೈಟ್ ಇಟ್ಟು, ಅದರ ಮುಂದೆ ಬಟರ್ ಪೇಪರ್, ಅದರ ಮುಂದೆ ನಾಲ್ಕೂವರೆ ಸೆಂಟಿಮೀಟರ್ ದುಂಡು ತೂತಿನ ಕಪ್ಪು ರಟ್ಟು ಇಟ್ಟರೆ ನಿಮಗೊಬ್ಬ ಸೂರ್ಯ ಸಿಕ್ಕ. ಎಲೆಯಿಂದ ಗೋಡೆ 3 ಮೀಟರ್ ಇದ್ದರೆ ಚುಕ್ಕಿಗಳು ಸುಮಾರು 2.7 ಸೆಂಟಿಮೀಟರ್ ಬರುತ್ತವೆ. ಟ್ಯೂಬ್‌ಲೈಟ್ ಅಥವಾ ಅಗಲವಾದ ಪ್ಯಾನಲ್ ಲೈಟ್ ಇಟ್ಟರೆ ಈ ಚುಕ್ಕಿಗಳು ಬರುವುದೇ ಇಲ್ಲ, ಎಲ್ಲ ಕದಡಿಹೋಗುತ್ತದೆ. ಟೇಬಲ್ ಫ್ಯಾನನ್ನು ದೂರ ಇಟ್ಟು ಕಡಿಮೆ ವೇಗದಲ್ಲಿ ಬಿಡಿ. ಇದರ ಕಷ್ಟ ಒಂದೇ, ಹಸಿ ಸೊಪ್ಪು ಬಾಡುತ್ತದೆ. ಪ್ರತಿ ಸಂಜೆ ಹೊಸದು ಬೇಕು.

ಇನ್ನೊಂದು, ನೀರಿನ ಬಲೆ. ಅಗಲವಾದ ತಟ್ಟೆಯಲ್ಲಿ ಎರಡು ಇಂಚು ನೀರು, ತಳದಲ್ಲಿ ಕನ್ನಡಿ, ಓರೆಯಾಗಿ ಒಂದು ಟಾರ್ಚ್. ನೀರು ಅಲುಗಿದರೆ ಚಾವಣಿಯ ಮೇಲೆ ಬೆಳಕಿನ ಗೆರೆಗಳು ಹೆಣೆದುಕೊಳ್ಳುತ್ತವೆ. ಅಲೆಯ ಪ್ರತಿ ಉಬ್ಬೂ ಮಸೂರದ ಕೆಲಸ ಮಾಡುವುದರಿಂದ ಹೀಗಾಗುತ್ತದೆ. ಬ್ಯಾಟರಿ ಟಾರ್ಚ್ ಮಾತ್ರ ಬಳಸಿ. ಪ್ಲಗ್ ಪಾಯಿಂಟಿಗೆ ಹಾಕಿದ ಯಾವ ದೀಪವೂ ನೀರಿನ ಹತ್ತಿರ ಬರಬಾರದು. ಮಿಂಚುಹುಳದ ಜೊತೆಗೆ ಇದನ್ನೂ ಅದನ್ನೂ ಒಂದೇ ಹಾಲ್‌ನಲ್ಲಿ ಸೇರಿಸುವ ಆಸೆ ಬರುತ್ತದೆ. ಸೇರಿಸಬೇಡಿ. ಇವೆರಡಕ್ಕೂ ಬೆಳಕು ಜಾಸ್ತಿ ಬೇಕು, ಹುಳಗಳು ಮುಳುಗಿಹೋಗುತ್ತವೆ.

ಮಕ್ಕಳಿಗೆ ತೊಂದರೆಯೇ ಅಂತ ಕೇಳಿದ್ದೀರಿ, ಕೇಳಲೇಬೇಕಾದ ಪ್ರಶ್ನೆ. ಕೆಲವರಿಗೆ ಬೇಗಬೇಗ ಮಿನುಗುವ ಬೆಳಕಿನಿಂದ ಫಿಟ್ಸ್ ಬರುವ ಅಪಾಯ ಇದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಿಸಬಾರದು ಅನ್ನುವುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಅಲ್ಲಲ್ಲಿ ಒಂದೊಂದು ಚುಕ್ಕೆ ಮಿನುಗುವುದರಿಂದ ಹೆದರಿಕೆ ಇಲ್ಲ. ಆದರೆ ಎಲ್ಲವೂ ಒಂದೇ ತಾಳಕ್ಕೆ ಬಂದಾಗ ಇಡೀ ಹಾಲ್ ಒಂದು ದೀಪವಾಗುತ್ತದೆ. ಆ ಹಂತದಲ್ಲಿ ಎರಡು ಸೆಕೆಂಡಿಗೆ ಒಮ್ಮೆ ಇಟ್ಟುಕೊಳ್ಳಿ, ನೋಡಲೂ ಅದೇ ಚೆಂದ. ಆದರೂ ಹೊರಗೆ ಒಂದು ಬೋರ್ಡ್ ಬರೆದು ಹಾಕಿ. ಪೋಷಕರಿಗೆ ಬಾಯಲ್ಲೂ ಹೇಳಿ.

ಅದಕ್ಕಿಂತ ಹತ್ತಿರದ ಅಪಾಯ ಎಡವಿ ಬೀಳುವುದು. ಕತ್ತಲ ಹಾಲ್‌ನಲ್ಲಿ ಒಂದು ವೈರೂ ನೆಲದ ಮೇಲೆ ಹರಿಯಬಾರದು, ಒಂದು ಮೆಟ್ಟಿಲೂ ಇರಬಾರದು. ವಯಸ್ಸಾದವರ ಕಣ್ಣು ಕತ್ತಲೆಗೆ ಹೊಂದಲು ಹೆಚ್ಚು ಹೊತ್ತು ಬೇಕು, ಅವರಿಗೆ ಗೋಡೆ ಪಕ್ಕ ಕುರ್ಚಿ ಹಾಕಿ. ಹೊರಹೋಗುವ ದಾರಿಗೆ ಮಂದ ಕೆಂಪು ಗುರುತು ಇರಲಿ, ಅದನ್ನು ಮಾತ್ರ ಟೇಪ್ ಹಾಕಿ ಮುಚ್ಚಬೇಡಿ. ಟಾರ್ಚ್ ಹಿಡಿದ ಒಬ್ಬರು ಯಾವಾಗಲೂ ಒಳಗೆ ಇರಬೇಕು. ಹಾಲ್‌ನ ಮುಖ್ಯ ದೀಪದ ಸ್ವಿಚ್ ಎಲ್ಲಿದೆ ಅಂತ ಅವರಿಗೆ ಕತ್ತಲಲ್ಲೂ ಗೊತ್ತಿರಬೇಕು. ಬಟ್ಟೆ ಕಟ್ಟಿರುವುದರಿಂದ ಬಿಸಿಯಾಗುವ ಹ್ಯಾಲೊಜನ್ ದೀಪ ಒಳಗೆ ಬೇಡವೇ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಎರಡು ಇರಲಿ, ಅವು ಅವಧಿ ಮೀರಿಲ್ಲ ಅಂತ ಚೀಟಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಕರೆಂಟಿನ ಲೆಕ್ಕ ಹೀಗೆ. ಒಂದು ಪಿಕ್ಸೆಲ್ ಪೂರ್ತಿ ಬಿಳಿಯಾಗಿ ಉರಿದರೆ 60 ಮಿಲಿ ಆಂಪಿಯರ್ ಎಳೆಯುತ್ತದೆ. 200ಕ್ಕೆ 12 ಆಂಪಿಯರ್, 5 ವೋಲ್ಟಿನಲ್ಲಿ 60 ವ್ಯಾಟ್. ನೀವು ಎಂದೂ ಅಷ್ಟು ಉರಿಸುವುದಿಲ್ಲ, ಆದರೂ ಪವರ್ ಸಪ್ಲೈ ಅದಕ್ಕೂ ಮೇಲಿನದೇ ತನ್ನಿ. ಮನೆಯ ಕರೆಂಟನ್ನು 5 ವೋಲ್ಟಿಗೆ ಇಳಿಸಿಕೊಡುವ, 20 ಆಂಪಿಯರಿನ ಒಂದು ಎಸ್‌ಎಂಪಿಎಸ್ ಸರಿ. 5 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ 12 ಆಂಪಿಯರ್ ತೆಳು ವೈರನ್ನು ಕರಗಿಸಬಲ್ಲದು. ಹಾಗಾಗಿ ನಾಲ್ಕು ಮಾಲೆಗೂ ಪ್ರತ್ಯೇಕವಾಗಿ ದಪ್ಪ ವೈರ್ ಎಳೆದು, ಒಂದೊಂದಕ್ಕೂ ಫ್ಯೂಸ್ ಹಾಕಿಸಿ. ನಾಲ್ಕನ್ನೂ ಒಂದರ ಬಾಲಕ್ಕೆ ಒಂದು ಜೋಡಿಸಿ ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ಕೊನೆಯ ಮಾಲೆಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಬಿದ್ದು ಬಣ್ಣ ಕೆಂಪಿಗೆ ತಿರುಗುತ್ತದೆ. ಎಸ್‌ಎಂಪಿಎಸ್ ಡಬ್ಬ ಹಾಲ್ ಹೊರಗೆ, ಗಾಳಿಯಾಡುವ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ ಇರಲಿ. ಅದಕ್ಕೆ ಬರುವ 230 ವೋಲ್ಟಿನ ಲೈನಿಗೆ ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಇದೆಯೇ, ಅರ್ಥಿಂಗ್ ಸರಿಯಿದೆಯೇ ಅಂತ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಇಲ್ಲಿ ದುಡ್ಡು ಉಳಿಸಬೇಡಿ.

ಇನ್ನು ಹೊರಗಿನ ಮಾವಿನ ಮರ. ದಯವಿಟ್ಟು ಹಾಕಬೇಡಿ. ಎಲ್‌ಇಡಿಗೆ ಹುಳ ಬರುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಬರುತ್ತವೆ, ಬಿಳಿ ಎಲ್‌ಇಡಿಯಲ್ಲಿ ನೀಲಿ ಸಾಕಷ್ಟಿದೆ. ಹಾರುವ ಹುಳಗಳು ಆಕಾಶದ ಬೆಳಕಿಗೆ ಬೆನ್ನು ಮಾಡಿ ತಮ್ಮ ಮೇಲು ಕೆಳಗು ತಿಳಿಯುತ್ತವೆ. ರಾತ್ರಿ ದೀಪ ಕಂಡರೆ ಅದಕ್ಕೇ ಬೆನ್ನು ಕೊಟ್ಟು ಸುತ್ತುತ್ತಾ ಸಿಕ್ಕಿಬೀಳುತ್ತವೆ. ಮಾವಿನ ಮರದಲ್ಲಿ ಹಕ್ಕಿ ಮಲಗಿರಬಹುದು, ಹಣ್ಣಿನ ಕಾಲದಲ್ಲಿ ಬಾವಲಿ ಬರುತ್ತಿರಬಹುದು. ಮಿಂಚುಹುಳಗಳೇ ಇಂದು ಕಡಿಮೆ ಕಾಣುವುದಕ್ಕೆ ನಮ್ಮ ರಾತ್ರಿ ದೀಪಗಳೂ ಒಂದು ಕಾರಣ. ದೀಪದ ಬೆಳಕಿನಲ್ಲಿ ಗಂಡಿನ ಸಂಜ್ಞೆ ಹೆಣ್ಣಿಗೆ ಕಾಣುವುದಿಲ್ಲ. ಅವುಗಳ ಹೆಸರಿನಲ್ಲಿ ಮಾಡುವ ಕೆಲಸಕ್ಕೆ ಒಂದು ಮರವನ್ನು ಬೆಳಗಿಸುವುದು ನನಗೆ ಒಪ್ಪುವುದಿಲ್ಲ. ಊರಿನಿಂದ ನಾಲ್ಕು ಹುಳ ಬಾಟಲಿಯಲ್ಲಿ ತಂದು ಮಕ್ಕಳಿಗೆ ತೋರಿಸಿ ಅಂತಲೂ ಯಾರಾದರೂ ಹೇಳಬಹುದು. ಬೇಡ. ದೊಡ್ಡ ಹುಳವಾದ ಮೇಲೆ ಅವು ಬದುಕುವುದೇ ಕೆಲವು ವಾರ. ಹೊರಗೆ ದಾರಿ ತೋರಿಸಲು ದೀಪ ಬೇಕೇ ಬೇಕು ಅಂದರೆ ಮೊಣಕಾಲೆತ್ತರದಲ್ಲಿ, ಕೆಳಮುಖವಾಗಿ, ಹಳದಿ-ಕಿತ್ತಳೆ ಬಣ್ಣದ ಎರಡು ದೀಪ ಇಡಿ. ಮಳೆ ಬಂದರೂ ತಡೆಯುವ ಐಪಿ 65 ಗುರುತಿನವು ಇರಲಿ, ಕೊನೆಯವರು ಹೋದ ಕೂಡಲೇ ಆರಿಸಿ.

ಎಲ್ಲ ಸಾಮಾನು ಒಮ್ಮೆಗೇ ಕೊಳ್ಳಬೇಡಿ. ಮೊದಲು ಒಂದು ಮಾಲೆ ಮಾತ್ರ ತನ್ನಿ. ಮನೆಯ ಒಂದು ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಕೊಂಬೆಗೆ ಸುತ್ತಿ, ದೀಪ ಆರಿಸಿ 20 ನಿಮಿಷ ಸುಮ್ನೆ ಕೂತು ಆಮೇಲೆ ಹೊತ್ತಿಸಿ. ಜಾಸ್ತಿ ಅನ್ನಿಸಿದರೆ ಟೇಪ್ ಇನ್ನಷ್ಟು ಮುಚ್ಚಿ. ಹೊಳಪನ್ನು ಹಗಲಿನಲ್ಲಿ, ಅಥವಾ ಹೊರಗಿನಿಂದ ಬಂದ ಕೂಡಲೇ ಯಾವತ್ತೂ ತೀರ್ಮಾನಿಸಬೇಡಿ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿಯೂ ತೀರ್ಮಾನಿಸಬೇಡಿ, ಅದರಲ್ಲಿ ಪಟ್ಟೆಪಟ್ಟೆಯಾಗಿ, ಬೇರೆಯೇ ಬಣ್ಣವಾಗಿ ಕಾಣುತ್ತದೆ. ನಿಮ್ಮ ಊರಿನವರು ಯಾರಾದರೂ ಬೆಂಗಳೂರಿನಲ್ಲಿದ್ದರೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ತಾಳ ಸರಿಯಿದೆಯೋ ಇಲ್ಲವೋ ಅವರು ಹೇಳುತ್ತಾರೆ. ಅದು ಕೂಡಿಬಂದ ಮೇಲೆ ಉಳಿದ ಮೂರು ಮಾಲೆ ತನ್ನಿ.